ಬಿಚ್ಚಿಟ್ಟ ಗುಂಡಿ

ನನ್ನ ಒಂದು ಅಂಗಿಗೆ ಎಡತೋಳಿನ ಗುಂಡಿ ಇಲ್ಲ. ಬಿದ್ದು ಎಷ್ಟೋ ದಿನವಾಯಿತು. ಸೂಜಿಗೆ ದಾರ ಪೋಣಿಸಲು ಸೋಮಾರಿತನ, ಅಂಗಿ ಬಿಸಾಡಲು ಮನಸ್ಸಿಲ್ಲ. ಹೆಂಡತಿ "ಇದೇನ್ರೀ ಅವತಾರ" ಅಂದಾಗಲೆಲ್ಲ ಜಾನ್ ಲೆ ಮೆಜರರ್ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಯಾರೋ ಫ್ರಾನ್ಸಿನ ಫ್ಯಾಷನ್ ಪಂಡಿತ ಇರಬೇಕು ಅಂತ ಅವಳೂ ಸುಮ್ಮನಾಗುತ್ತಾಳೆ.

ಅಲ್ಲ, 1912ರಲ್ಲಿ ಬೆಡ್‌ಫರ್ಡ್‌ನಲ್ಲಿ ಹುಟ್ಟಿದ ಪಕ್ಕಾ ಇಂಗ್ಲಿಷ್ ನಟ. ವಕೀಲರ ಮನೆತನ. ಹುಡುಗನನ್ನೂ ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಕೂರಿಸಿದರು. ಒಗ್ಗಲಿಲ್ಲ. 1933ರಲ್ಲಿ ನಾಟಕ ಶಾಲೆ ಸೇರಿದ. ಅಪ್ಪನ ಕಡೆಯ ಹ್ಯಾಲಿಲಿ ಎಂಬ ಹೆಸರು ಬಿಟ್ಟು ತಾಯಿಯ ತವರಿನ ಹೆಸರು ಇಟ್ಟುಕೊಂಡ. ಮುಂದೆ ನೂರಕ್ಕೂ ಜಾಸ್ತಿ ಸಿನಿಮಾ. ಡಾಕ್ಟರು, ಜಡ್ಜು, ಮಿಲಿಟರಿ ಅಧಿಕಾರಿ, ಮೇಜಿನ ಹಿಂದೆ ಕೂತ ಸರ್ಕಾರಿ ಮನುಷ್ಯ. 1969ರ 'ದಿ ಇಟಾಲಿಯನ್ ಜಾಬ್'ನಲ್ಲಿ ಜೈಲಿನ ಮುಖ್ಯಸ್ಥ. ಬಂದ ಪುಟ್ಟ, ಹೋದ ಪುಟ್ಟ ಅನ್ನುವಂಥ ಪಾತ್ರಗಳೇ ಹೆಚ್ಚು. ಆದರೆ ಆ ಮುಖ ಮರೆಯುವುದಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದರೂ ಬೈಯಲು ಸಂಕೋಚಪಡುವವನ ಮುಖ ಅದು.

ಗುಂಡಿಯ ವಿಷಯಕ್ಕೆ ಬರುತ್ತೇನೆ. 1968ರಿಂದ 1977ರವರೆಗೆ ಬಿಬಿಸಿಯಲ್ಲಿ 'ಡ್ಯಾಡ್ಸ್ ಆರ್ಮಿ' ಎಂಬ ಹಾಸ್ಯ ಧಾರಾವಾಹಿ ಬಂತು. ಒಟ್ಟು 80 ಕಂತು. ಎರಡನೇ ಮಹಾಯುದ್ಧದ ಕಾಲ. ರಣರಂಗಕ್ಕೆ ಹೋಗಲಾಗದ ಮುದುಕರು, ಹುಡುಗರು ಸೇರಿ ಕಡಲತೀರದ ಊರೊಂದನ್ನು ಕಾಯುತ್ತಾರೆ. ಬ್ಯಾಂಕ್ ಮ್ಯಾನೇಜರ್ ಮ್ಯಾನರಿಂಗ್ ಕ್ಯಾಪ್ಟನ್ ಆಗುತ್ತಾನೆ. ಆ ಪಾತ್ರ ಆರ್ಥರ್ ಲೋ ಅವರದು. ಅದೇ ಬ್ಯಾಂಕಿನ ಹಿರಿಯ ಗುಮಾಸ್ತ ವಿಲ್ಸನ್ ಸಾರ್ಜೆಂಟ್. ಅವನೇ ನಮ್ಮ ಲೆ ಮೆಜರರ್. ವಿಲ್ಸನ್ ದೊಡ್ಡ ಮನೆತನದವನು, ದುಬಾರಿ ಶಾಲೆಯಲ್ಲಿ ಓದಿದವನು. ಕ್ಯಾಪ್ಟನ್ ಕಷ್ಟಪಟ್ಟು ಮೇಲೆ ಬಂದವನು. ಹಾಗಾಗಿ ಮೇಲಿನವನಿಗೇ ಕೆಳಗಿನವನ ಮೇಲೆ ಹೊಟ್ಟೆಕಿಚ್ಚು! ಇಂಥದ್ದನ್ನು ನಾವು ಆಫೀಸುಗಳಲ್ಲಿ ಕಂಡಿದ್ದೇವೆ, ಅಲ್ವಾ?

ಸಾರ್ಜೆಂಟ್ ಹೇಗಿರಬೇಕು ಅಂತ ತಲೆ ಕೆಡಿಸಿಕೊಳ್ಳದೆ, ತಾನು ಸೈನ್ಯದಲ್ಲಿ ಹೇಗಿದ್ದೆನೋ ಹಾಗೇ ಇರೋಣ ಅಂತ ಈತ ತೀರ್ಮಾನಿಸಿದ. ಸಮವಸ್ತ್ರದ ಒಂದೆರಡು ಗುಂಡಿ ಬಿಚ್ಚಿಟ್ಟ. ತೋಳು ಸ್ವಲ್ಪ ಮಡಚಿದ. ಸಾರ್ಜೆಂಟ್ ಅಂದರೆ ಕುತ್ತಿಗೆಯ ನರ ಉಬ್ಬಬೇಕು, ಕಿಟಕಿ ಗಾಜು ನಡುಗಬೇಕು. ಈತನದು ಮದುವೆ ಮನೆಯಲ್ಲಿ ಊಟಕ್ಕೆ ಏಳಿಸುವ ದನಿ. 'ಸ್ವಲ್ಪ ಸಾಲಾಗಿ ನಿಂತ್ಕೊಳ್ತೀರಾ?' ಎನ್ನುವ ಧಾಟಿ. ಪಕ್ಕದಲ್ಲಿ ಕ್ಯಾಪ್ಟನ್ ಉಬ್ಬುತ್ತಾನೆ, ಕೆಂಪಾಗುತ್ತಾನೆ. ವಿಲ್ಸನ್ ಹುಬ್ಬು ಕೂಡ ಪೂರ್ತಿ ಎತ್ತುವುದಿಲ್ಲ. ನಗು ಬರುವುದು ಈ ಅರ್ಧ ಹುಬ್ಬಿಗೆ.

ನಿಜವಾದ ಸೈನ್ಯದಲ್ಲೂ ಇದೇ ಕಥೆ. 1940ರಲ್ಲಿ ಲಂಡನ್ನಿನ ಬಾಡಿಗೆ ಮನೆ ಮೇಲೆ ಬಾಂಬ್ ಬಿತ್ತು. ಸೈನ್ಯ ಸೇರಲು ಬಂದಿದ್ದ ಕರೆಪತ್ರವೂ ಸುಟ್ಟುಹೋಯಿತು. ಬೇರೆಯವರಾದರೆ ಒಳ್ಳೆ ನೆಪ ಸಿಕ್ಕಿತು ಅಂದುಕೊಳ್ಳುತ್ತಿದ್ದರು. ಈತ ಗಾಲ್ಫ್ ಕೋಲುಗಳ ಸಮೇತ ಟ್ಯಾಕ್ಸಿಯಲ್ಲಿ ಹೋಗಿ ಶಿಬಿರದ ಮುಂದೆ ಇಳಿದ. ಮುಂದೆ ಅಧಿಕಾರಿಯಾಗಿ ನಮ್ಮ ದೇಶಕ್ಕೇ ಬಂದ; ಯುದ್ಧ ಮುಗಿಯುವವರೆಗೂ ಇಲ್ಲೇ ಇದ್ದ.

1971ರ 'ಟ್ರೈಟರ್' ಎಂಬ ಗಂಭೀರ ಟಿವಿ ನಾಟಕದ ಮುಖ್ಯ ಪಾತ್ರಕ್ಕೆ ಬ್ರಿಟನ್ನಿನ ಸಿನಿಮಾ-ಟಿವಿ ಪ್ರಶಸ್ತಿಯಾದ ಬಾಫ್ಟಾ ಸಿಕ್ಕಿತು. ಇನ್ನು ಮುಂದೆ ನಾಯಕನೇ ಅಂತ ಪಟ್ಟು ಹಿಡಿಯಲಿಲ್ಲ. ಮತ್ತೆ ಹೋಗಿ ಕ್ಯಾಪ್ಟನ್ ಪಕ್ಕ ನಿಂತ. ಸ್ವಂತ ಬದುಕಿನಲ್ಲೂ ಹಾಗೇ. ನಟಿ ಹ್ಯಾಟಿ ಜೇಕ್ಸ್ ಜೊತೆಗಿನ ಮದುವೆ ಮುರಿದಾಗ, ಆಕೆಯ ಹೆಸರು ಕೆಡದಿರಲಿ ಅಂತ ಕೋರ್ಟಿನಲ್ಲಿ ತಪ್ಪಿತಸ್ಥನ ಜಾಗಕ್ಕೆ ತಾನೇ ಹೋಗಿ ನಿಂತ. ಬೇರೊಬ್ಬರನ್ನು ಮನಸ್ಸಿಗೆ ಹಚ್ಚಿಕೊಂಡಿದ್ದವಳು ಆಕೆ. ಇದು ಒಳ್ಳೆಯತನವೋ, ಜಗಳ ಬೇಡವೆಂಬ ಆಲಸ್ಯವೋ? ಎರಡೂ ಇರಬಹುದು. ಆಲಸ್ಯಕ್ಕೆ ನಾನು ಸ್ವಲ್ಪ ಹೆಚ್ಚು ಅಂಕ ಕೊಡುತ್ತೇನೆ, ನಮ್ಮ ಜಾತಿಯವನು ಅಂತ.

1983ರಲ್ಲಿ ತೀರಿಕೊಂಡಾಗ 'ದಿ ಟೈಮ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಕಟಣೆ ಬಂತು. ಅದನ್ನೂ ಮೊದಲೇ ತಾನೇ ಬರೆದಿಟ್ಟಿದ್ದ. ನವೆಂಬರ್ 15ರಂದು ತಾನು ಹಳೇ ಬಸ್ಸಿನ ಎಂಜಿನ್ನಿನ ಹಾಗೆ ಕೆಟ್ಟು ನಿಂತೆ, ಮನೆಯವರೂ ಗೆಳೆಯರೂ ಇಲ್ಲದೆ ಬೇಜಾರಾಗುತ್ತಿದೆ ಎಂಬರ್ಥದ ಎರಡು ಸಾಲು. ಸತ್ತವನಿಗೇ ಬದುಕಿರುವವರ ನೆನಪು!

ಇದನ್ನು ಹೆಂಡತಿಗೆ ಹೇಳಿದೆ. ಜೋರಾಗಿ ನಕ್ಕಳು. ಆಮೇಲೆ ಎದ್ದುಹೋಗಿ ಸೂಜಿ, ದಾರ, ಒಂದು ಗುಂಡಿ ತಂದು ನನ್ನ ಮುಂದಿಟ್ಟಳು.