ಎಲ್ಲಾ ಸೊಳ್ಳೆಯೂ ಸಾಯಬೇಕಿಲ್ಲ

ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಮೆಟ್ಟಿಲ ಕೆಳಗಿದ್ದ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಬೆಳಕು ಬಿದ್ದಿದ್ದೇ ತಡ, ಸಣ್ಣ ಸಣ್ಣ ಹುಳ ಕೊಂಕುತ್ತಾ ತಳಕ್ಕಿಳಿದವು. "ಅಕ್ಕಾ, ಲಾರ್ವಾ ಇದೆ ನೋಡಿ" ಅಂದು ಪುಸ್ತಕದಲ್ಲಿ ಬರೆದುಕೊಂಡರು. ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಡ್ರಮ್ ಇಲ್ಲದ ಮನೆ ಯಾವುದಿದೆ ಹೇಳಿ?

1883ರಲ್ಲಿ ರೊನಾಲ್ಡ್ ರಾಸ್ ಇದೇ ಬೆಂಗಳೂರಿನ ದಂಡಿನಲ್ಲಿ ಡಾಕ್ಟರ್ ಆಗಿದ್ದರು. ತಮ್ಮ ಬಂಗಲೆಯ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಆಗುವುದನ್ನು ಕಂಡು ಅದನ್ನು ಮಗುಚಿ ಹಾಕಿಸಿದರು, ಸೊಳ್ಳೆ ಕಾಟ ತಗ್ಗಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು ಇವರೇ. ಆದರೆ ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಆಮೇಲೆ ಅವರು ಕೂತು ಹಾಕಿದ ಗಣಿತ. ಎಲ್ಲಾ ಸೊಳ್ಳೆ ಕೊಲ್ಲಬೇಕಿಲ್ಲ, ಒಂದು ಮಟ್ಟಕ್ಕಿಂತ ಕಡಿಮೆ ಮಾಡಿದರೆ ಸಾಕು, ಕಾಯಿಲೆ ತಾನಾಗೇ ಇಳಿಯುತ್ತದೆ. ಒಬ್ಬ ರೋಗಿಯಿಂದ ಮೂರು ಜನಕ್ಕೆ ಹರಡುತ್ತಿದೆ ಅಂದುಕೊಳ್ಳಿ. ಸೊಳ್ಳೆಗಳನ್ನು ಮೂರನೇ ಒಂದು ಪಾಲಿಗಿಂತ ಕೆಳಗೆ ತಂದರೆ ಒಬ್ಬನಿಂದ ಒಬ್ಬನಿಗೂ ಪೂರ್ತಿ ಹರಡುವುದಿಲ್ಲ.

ಇನ್ನೊಂದು ಮಾತು. ಸೊಳ್ಳೆ ರೋಗಿಯನ್ನೊಮ್ಮೆ, ಆರೋಗ್ಯವಂತನನ್ನೊಮ್ಮೆ ಕಚ್ಚಬೇಕು, ಅಲ್ವಾ? ಹಾಗಾಗಿ ಲೆಕ್ಕದಲ್ಲಿ ಕಚ್ಚುವುದು ಎರಡು ಸಲ ಬರುತ್ತದೆ. ಕಚ್ಚುವುದನ್ನು ಅರ್ಧಕ್ಕಿಳಿಸಿದರೆ ಹರಡುವುದು ಕಾಲು ಭಾಗಕ್ಕೆ ಇಳಿಯುತ್ತದೆ! ಡೆಂಗ್ಯೂ ಬಂದವರನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ ಅನ್ನುವುದು ಅದಕ್ಕೇ, ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಲ್ಲಿ.

ಹೋದ ವರ್ಷ ಮಗ ಡೆಂಗ್ಯೂ ಬಂದು ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದ ಮೇಲೆ ನಮ್ಮ ಬೀದಿಗೆ ಫಾಗಿಂಗ್ ಹೊಗೆ ಬಂತು. ನನಗೆ ಸಿಟ್ಟು ಬಂದಿದ್ದು ನಿಜ. ವೈರಸ್ ಸೊಳ್ಳೆಯೊಳಗೆ ಬೆಳೆಯುವುದಕ್ಕೆ ವಾರಕ್ಕಿಂತ ಜಾಸ್ತಿ ಬೇಕು, ಆಮೇಲೆ ಅದು ಕಚ್ಚಿದವರಿಗೆ ಜ್ವರ ಬರಲು ಮತ್ತೆ ನಾಲ್ಕಾರು ದಿನ, ಟೆಸ್ಟ್ ಮಾಡಿಸಿ ರಿಪೋರ್ಟ್ ಬರಲು ಇನ್ನೆರಡು ದಿನ. ಜ್ವರದ ಕೇಸು ಎಣಿಸಿಕೊಂಡು ಹೊರಡುವವರು ಯಾವಾಗಲೂ ಎರಡು ಮೂರು ವಾರ ಹಿಂದೆಯೇ ಇರುತ್ತಾರೆ. ಈ ತಡವನ್ನೂ ಮಳೆಯನ್ನೂ ಲಾರ್ವಾ ಸಿಕ್ಕ ಮನೆಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಮುಂದೆ ಯಾವ ವಾರ್ಡಿಗೆ ಮೊದಲು ಹೋಗಬೇಕು ಅಂತ ಅಂದಾಜು ಸಿಗುತ್ತದೆ. ಇದು ಜಾತಕ ಅಲ್ಲ. ಹೀಗೆ ಮಾಡಿದರೆ ಹೀಗಾಗಬಹುದು, ಸುಮ್ನೆ ಇದ್ದರೆ ಹೀಗಾಗಬಹುದು ಅಂತ ಹೇಳುತ್ತದೆ ಅಷ್ಟೇ. ಕೋವಿಡ್ ಹೊತ್ತಲ್ಲಿ ನಮ್ಮ ಐಐಎಸ್‌ಸಿಯವರೇ ಬೆಂಗಳೂರನ್ನು ಕಂಪ್ಯೂಟರಿನಲ್ಲಿ ಕಟ್ಟಿ ಇಂಥ ಲೆಕ್ಕ ಮಾಡಿದ್ದರು. ಬುದ್ಧಿವಂತರಿಗೆ ಈ ಊರಲ್ಲಿ ಕೊರತೆಯಿಲ್ಲ.

ಅವರ ಲೆಕ್ಕಕ್ಕೆ ಬೇಕಾದ ಅಂಕಿ ಇರುವುದು ಬೆಳಿಗ್ಗೆ ಬಂದ ಆ ಹೆಣ್ಣುಮಗಳ ಪುಸ್ತಕದಲ್ಲಿ. ಅದು ಪ್ರತಿ ವಾರ, ವಾರ್ಡ್‌ವಾರು, ಎಲ್ಲರಿಗೂ ಕಾಣುವ ಹಾಗೆ ಹೊರಗೆ ಬರಲಿ. ಏಪ್ರಿಲ್, ಮೇಯಲ್ಲೇ ಬರಲಿ, ಮಳೆ ಹಿಡಿದ ಮೇಲಲ್ಲ. ಬಿಸಿಲಲ್ಲಿ ಮನೆಮನೆ ಹತ್ತಿಳಿಯುವ ಅವರಿಗೆ ಸರಿಯಾದ ಸಂಬಳವೂ ಸಿಗಲಿ.

ಮಗ ಈಗ ಡ್ರಮ್ ಮಗುಚಿ ತೆಂಗಿನ ನಾರಲ್ಲಿ ಒಳಗೆಲ್ಲ ಉಜ್ಜುತ್ತಿದ್ದಾನೆ. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೆ ಸಾಲದು ಅಂತ ಅವರೇ ಹೇಳಿ ಹೋದರು.