ಫೀನಾಲ್ ಮತ್ತು ಅಸಿಟೋನ್: ಲೇಖನದಲ್ಲಿ ಬಿಟ್ಟುಹೋದ ಒಂದು ಅಧ್ಯಾಯ

ಯುದ್ಧಾನಂತರದ ಸೋವಿಯತ್ ರಾಸಾಯನಿಕ ಉದ್ಯಮವು ಪಶ್ಚಿಮದ ತಂತ್ರಜ್ಞಾನದ ನಕಲಷ್ಟೇ ಆಗಿತ್ತು ಎಂದು ಆ ಉದ್ಯಮದ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಆಮದಾದ ವಿಧಾನಗಳು ಹಲವು ಇದ್ದವು, ನಿಜ. ಆದರೆ ಪ್ಲಾಸ್ಟಿಕ್, ರಾಳಗಳ ಕಚ್ಚಾವಸ್ತುವಾದ ಫೀನಾಲ್ ಮತ್ತು ದ್ರಾವಕವಾದ ಅಸಿಟೋನ್‌ಗಳನ್ನು ತಯಾರಿಸುವ ಕ್ಯುಮೀನ್ ವಿಧಾನವನ್ನು ಆ ಪಟ್ಟಿಗೆ ಸೇರಿಸಲಾಗದು. ಬೆಂಜೀನ್ ಮತ್ತು ಪ್ರೊಪಿಲೀನ್‌ಗಳಿಂದ ಕ್ಯುಮೀನ್ ತಯಾರಿಸಿ, ಅದನ್ನು ಗಾಳಿಯ ಆಮ್ಲಜನಕದಿಂದ ಹೈಡ್ರೋಪೆರಾಕ್ಸೈಡ್ (ಆಮ್ಲಜನಕ ಸೇರಿದ ಅಸ್ಥಿರ ಸಂಯುಕ್ತ) ಆಗಿ ಪರಿವರ್ತಿಸಿ, ಬಳಿಕ ಆಮ್ಲದ ನೆರವಿನಿಂದ ಸೀಳಿದರೆ ಫೀನಾಲ್ ಮತ್ತು ಅಸಿಟೋನ್ ಎರಡೂ ಒಟ್ಟಿಗೆ ದೊರೆಯುತ್ತವೆ ಎಂಬುದನ್ನು ಸೋವಿಯತ್ ರಸಾಯನಶಾಸ್ತ್ರಜ್ಞರಾದ ಸೆರ್ಗೇಯೆವ್ ಮತ್ತು ಉದ್ರಿಸ್ 1940ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದರು. ಜರ್ಮನಿಯ ಹಾಕ್ ಮತ್ತು ಲಾಂಗ್ 1944ರಲ್ಲಿ ಇದೇ ಕ್ರಿಯೆಯನ್ನು ಸ್ವತಂತ್ರವಾಗಿ ಪ್ರಕಟಿಸಿದರು. ಅವರಿಗೆ ಸಲ್ಲಬೇಕಾದ ಗೌರವವೂ ಸಲ್ಲಲೇಬೇಕು. ಆದರೆ ಇದನ್ನು ಕಾರ್ಖಾನೆಯ ಮಟ್ಟಕ್ಕೆ ಮೊದಲು ಏರಿಸಿದ್ದು 1949ರಲ್ಲಿ, ಸೋವಿಯತ್ ಒಕ್ಕೂಟದ ದ್ಜೆರ್ಜಿನ್ಸ್ಕ್ ನಗರದಲ್ಲಿ.

ಹೈಡ್ರೋಪೆರಾಕ್ಸೈಡ್ ಅತಿಯಾಗಿ ಬಿಸಿಯಾದರೆ ಸ್ಫೋಟಿಸಬಲ್ಲ ವಸ್ತು. ಅಂಥದ್ದನ್ನು ಟನ್‌ಗಟ್ಟಲೆ ತಯಾರಿಸಿ, ಸಾಂದ್ರಗೊಳಿಸಿ, ತಾಪಮಾನವನ್ನು ಹಿಡಿತದಲ್ಲಿಟ್ಟುಕೊಂಡು ಸೀಳುವುದು ಪ್ರಯೋಗಾಲಯದ ಫಲಿತಾಂಶಕ್ಕಿಂತ ಬೇರೆಯೇ ಆದ ಸಾಧನೆ. ಬೆಂಜೀನನ್ನು ಗಂಧಕಾಮ್ಲದೊಡನೆ ವರ್ತಿಸುವಂತೆ ಮಾಡಿ, ಕಾಸ್ಟಿಕ್ ಸೋಡಾದೊಂದಿಗೆ ಕರಗಿಸಿ ಫೀನಾಲ್ ಪಡೆಯುತ್ತಿದ್ದ ಹಳೆಯ ವಿಧಾನದಲ್ಲಿ ಲವಣದ ತ್ಯಾಜ್ಯ ರಾಶಿ ಬೀಳುತ್ತಿತ್ತು. ಹೊಸ ವಿಧಾನದಲ್ಲಾದರೋ ಒಂದು ಟನ್ ಫೀನಾಲ್ ಜೊತೆಗೆ ಸುಮಾರು 0.6 ಟನ್ ಅಸಿಟೋನ್ ದೊರೆಯುತ್ತದೆ. ಜಗತ್ತಿನ ಬಹುಪಾಲು ಫೀನಾಲ್ ಇಂದಿಗೂ ಇದೇ ದಾರಿಯಲ್ಲಿ ತಯಾರಾಗುತ್ತಿದೆ.