ನಮ್ಮ ತರಗತಿಗೇ ಬಂದು ಕೂತು ಕಲಿಸಿ

ಇವತ್ತು ಮಧ್ಯಾಹ್ನದಿಂದ ಮನಸ್ಸು ಸರಿ ಇಲ್ಲ. ಬರೆಯದೆ ನಿದ್ದೆ ಬರುವುದಿಲ್ಲ.

ನಮ್ಮ ಶಾಲೆಯ ಪುಟ್ಟನ ಬಗ್ಗೆ ಇಲ್ಲಿ ಮೊದಲೂ ಬರೆದಿದ್ದೇನೆ. (ನಿಜವಾದ ಹೆಸರು ಬೇರೆ.) ನಾಲ್ಕನೇ ತರಗತಿ, ಆಟಿಸಂ ಇದೆ. ಇವತ್ತು ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್. ಬಾಡಿಗೆ ಸ್ಪೀಕರ್ ಬಂದಿತ್ತು. ಯಾರೋ ಒಮ್ಮೆಗೇ ಜೋರಾಗಿ ಹಾಡು ಹಾಕಿದರು. ಪುಟ್ಟ ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಸ್ಟಾಫ್ ರೂಮಿನ ಮೇಜಿನ ಕೆಳಗೆ ಸೇರಿಕೊಂಡ. ನಾನು ಬರುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಅವನ ರಟ್ಟೆ ಹಿಡಿದು ಎಳೆಯುತ್ತಿದ್ದರು. "ಏನೂ ಆಗಲ್ಲ ಬಾರೋ, ಹಾಡು ಅಷ್ಟೇ ಅಲ್ವಾ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಎಳೆದಷ್ಟೂ ಅವನು ಮೇಜಿನ ಕಾಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಹೋದ ವಾರ ಆಟಿಸಂ ತರಬೇತಿಗೆ ನಾವಿಬ್ಬರೂ ಒಟ್ಟಿಗೇ ಹೋಗಿದ್ದೆವು. ಪ್ರಮಾಣಪತ್ರ ಇಬ್ಬರಿಗೂ ಸಿಕ್ಕಿದೆ.

ಅವನನ್ನು ಆಚೆ ತಂದವರು ಬಿಸಿಯೂಟದ ಅಕ್ಕ. ಸೌಟು ಅಲ್ಲೇ ಬಿಟ್ಟು ಬಂದರು. ಮೊದಲು ಸ್ಪೀಕರ್ ಆಫ್ ಮಾಡಿಸಿದರು. "ಕೈ ಬಿಡಿ ಮೇಡಂ" ಅಂದರು. ಸುತ್ತ ನಿಂತಿದ್ದ ಮಕ್ಕಳನ್ನು ಹೊರಗೆ ಕಳಿಸಿದರು. ಮೇಜಿನಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಸುಮ್ನೆ ಕೂತರು. ಮುಟ್ಟಲಿಲ್ಲ, ಮಾತಾಡಿಸಲಿಲ್ಲ, ಅವನ ಮುಖ ಕೂಡ ನೋಡಲಿಲ್ಲ. ಸುಮಾರು ಕಾಲು ಗಂಟೆ ಆದಮೇಲೆ ಪುಟ್ಟ ತಾನಾಗಿಯೇ ತೆವಳಿಕೊಂಡು ಬಂದು ಅವರ ಪಕ್ಕ ಕೂತ.

ಸಹೋದ್ಯೋಗಿ ಕೆಟ್ಟವರಲ್ಲ. ಆಮೇಲೆ ಅವರೂ ಅತ್ತರು. ನನ್ನ ಸಿಟ್ಟು ಅವರ ಮೇಲಲ್ಲ, ಆ ತರಬೇತಿಯ ಮೇಲೆ. ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕೂವರೆ. ದೊಡ್ಡ ಹಾಲ್, ಪರದೆಯ ಮೇಲೆ ಅಕ್ಷರ. ಆಟಿಸಂ ಅಂದರೇನು, ಲಕ್ಷಣ ಎಷ್ಟು, ಕಾಯ್ದೆ ಯಾವುದು. ಎಲ್ಲ ಸರಿಯಾಗಿಯೇ ಇತ್ತು. "ಮಗು ಗಾಬರಿಯಾದಾಗ ಮುಟ್ಟಬೇಡಿ" ಅನ್ನುವುದೂ ಅದರಲ್ಲಿತ್ತು, ನನ್ನ ನೋಟ್ ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೆ ಮಗು ಕಣ್ಣೆದುರು ಹಣೆ ಚಚ್ಚಿಕೊಳ್ಳುವಾಗ ನೋಟ್ ಬುಕ್ ನೆನಪಾಗುವುದಿಲ್ಲ. ಕೈ ತನ್ನ ಹಳೇ ಅಭ್ಯಾಸದಂತೆ ಮುಂದೆ ಹೋಗುತ್ತದೆ.

ನನಗೆ ಇದು ಗೊತ್ತಿರುವುದು ನನ್ನ ಕೈಯೂ ಹಾಗೆ ಹೋಗಿದ್ದರಿಂದ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹಿಂದಿನ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಪ್ರಾರ್ಥನೆಯ ಹೊತ್ತಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅಶಿಸ್ತು ಅಂದುಕೊಂಡು ದಿನಾ ಅವನ ಕೈ ಕೆಳಗೆ ಎಳೆಯುತ್ತಿದ್ದೆ. "ನನ್ನ ಮುಖ ನೋಡಿ ಮಾತಾಡು" ಅಂತ ಗಲ್ಲ ಹಿಡಿದು ತಿರುಗಿಸುತ್ತಿದ್ದೆ. ಜೂನ್‌ನಲ್ಲಿ ಬಂದ ಹುಡುಗ ದಸರಾ ರಜೆ ಮುಗಿದ ಮೇಲೆ ಶಾಲೆಗೆ ಬರಲೇ ಇಲ್ಲ. ಅವನಿಗೆ ಮೈಕಿನ ಸದ್ದು ನೋವು ಕೊಡುತ್ತಿತ್ತು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷ ಆದಮೇಲೆ.

ನಾನು ಬದಲಾಗಿದ್ದು ಹಾಲ್‌ನಲ್ಲಿ ಕೂತು ಅಲ್ಲ. ಎರಡು ವರ್ಷದ ಹಿಂದೆ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕಿಯೊಬ್ಬರು, ನಮ್ಮ ಬಿಐಇಆರ್‌ಟಿ ಮೇಡಂ, ಮೂರು ದಿನ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೊದಲ ದಿನ ಬರೀ ನೋಡಿದರು. ಸಂಜೆ ಒಂದೇ ಮಾತು ಕೇಳಿದರು. "ಮೇಡಂ, ಊಟದ ಬೆಲ್ ಆದಾಗ ನೀವು ಪುಟ್ಟನಿಗೆ ಏನು ಹೇಳಿದಿರಿ, ನೆನಪಿದೆಯಾ?" ನನಗೆ ನೆನಪಿರಲಿಲ್ಲ. ಅವರು ಬರೆದುಕೊಂಡಿದ್ದರು: "ಪುಸ್ತಕ ಎತ್ತಿಡು, ತಟ್ಟೆ ತಗೋ, ಕೈ ತೊಳಿ, ಸಾಲಲ್ಲಿ ನಿಲ್ಲು, ಬೇಗ." ಒಂದೇ ಉಸಿರಿನಲ್ಲಿ ಐದು ಮಾತು. ಅವನು ಅಲ್ಲಾಡದೇ ಕೂತಿದ್ದ, ನಾನು ಗದರಿದ್ದೆ.

ಮರುದಿನ ಅವರೇ ಮಾಡಿ ತೋರಿಸಿದರು. "ಪುಸ್ತಕ ಎತ್ತಿಡು" ಅಂದರು, ಅಷ್ಟೇ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿದರು. ಏಳಕ್ಕೆ ಪುಟ್ಟನ ಕೈ ಪುಸ್ತಕದ ಮೇಲೆ ಹೋಯಿತು. ಮೂರನೇ ದಿನ ನನ್ನ ಕೈಯಲ್ಲಿ ಮಾಡಿಸಿದರು. ನಾನು ನಾಲ್ಕಕ್ಕೇ ಮತ್ತೆ ಬಾಯಿ ಬಿಟ್ಟೆ. ದೂರದಿಂದಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಆ ಬೆರಳು ಇವತ್ತಿಗೂ ಕಣ್ಣ ಮುಂದೆ ಇದೆ. ಯಾವ ಪರದೆಯ ಅಕ್ಷರ ಹಾಗೆ ಉಳಿಯುತ್ತದೆ ಹೇಳಿ?

ಬಿಸಿಯೂಟದ ಅಕ್ಕ ಕಲಿತಿದ್ದೂ ಆಗಲೇ. ಸಾಂಬಾರು ಅನ್ನಕ್ಕೆ ತಾಗಿದರೆ ಪುಟ್ಟ ಊಟವನ್ನೇ ಬಿಟ್ಟುಬಿಡುತ್ತಿದ್ದ. ನಾವೆಲ್ಲ ಹಟ ಅಂದುಕೊಂಡಿದ್ದೆವು. ಆ ಮೇಡಂ ಅವನ ಜತೆ ಊಟಕ್ಕೆ ಕೂತು, ಸಾಂಬಾರನ್ನು ಬೇರೆ ಲೋಟದಲ್ಲಿ ಹಾಕಿಸಿದರು. ಅವತ್ತು ಪೂರ್ತಿ ತಿಂದ. ಆಮೇಲೆ ಅಕ್ಕ ಒಂದು ದಿನವೂ ಆ ಲೋಟ ಮರೆತಿಲ್ಲ. ಆದರೆ ಹೋದ ವಾರದ ತರಬೇತಿ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. "ಅಡುಗೆಯವರಿಗೆ ಯಾಕೆ?" ಅಂತ ಕೇಳಿದರಂತೆ. ಯಾಕೆ ಅಂದರೆ ಮಕ್ಕಳು ಬರೀ ಪಾಠದ ಹೊತ್ತಿನಲ್ಲಿ ಆಟಿಸಂ ಇಟ್ಟುಕೊಂಡು ಬರುವುದಿಲ್ಲ! ಗಲಾಟೆ, ನೂಕುನುಗ್ಗಲು, ವಾಸನೆ ಎಲ್ಲ ಜಾಸ್ತಿ ಇರುವುದು ಊಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳಿವೆ. ಅದರ 17ನೇ ಸೆಕ್ಷನ್, ಸಮನ್ವಯ ಶಿಕ್ಷಣಕ್ಕೆ, ಅಂದರೆ ಇಂಥ ಮಕ್ಕಳು ಎಲ್ಲರ ಜತೆ ಒಂದೇ ತರಗತಿಯಲ್ಲಿ ಕಲಿಯುವುದಕ್ಕೆ, ಸಿಬ್ಬಂದಿಗೂ ತರಬೇತಿ ಕೊಡಬೇಕು ಅನ್ನುತ್ತದೆ. ಸಿಬ್ಬಂದಿ ಅಂದರೆ ಟೀಚರ್ ಮಾತ್ರ ಅಂತ ಯಾರು ಹೇಳಿದರು?

ಒಪ್ಪುತ್ತೇನೆ, ಜನ ಕಡಿಮೆ. ಬೆರಳೆಣಿಕೆಯ ಬಿಐಇಆರ್‌ಟಿಗಳು ಇಡೀ ತಾಲ್ಲೂಕು ಸುತ್ತಬೇಕು. ನಮ್ಮ ಮೇಡಂ ಮೂರು ದಿನ ಕೂತಿದ್ದೇ ದೊಡ್ಡದು, ಆಮೇಲೆ ಬರಲಾಗಲಿಲ್ಲ. ಹಾಗಂತ ದಾರಿಯೇ ಇಲ್ಲವಾ? ಅಮೆರಿಕದಲ್ಲಿ ಸಂಶೋಧಕಿ ಲೀಸಾ ರೂಬಲ್ ಮತ್ತು ಅವರ ತಂಡ ಆಟಿಸಂ ಇರುವ ಮಕ್ಕಳ ಟೀಚರ್‌ಗಳ ಜತೆ ಇದನ್ನೇ ಮಾಡಿ ನೋಡಿದೆ. ಮೊದಲು ಟೀಚರ್, ಪೋಷಕರು ಒಟ್ಟಿಗೆ ಕೂತು ಆ ಮಗುವಿಗೆ ಏನು ಕಲಿಸಬೇಕು ಅಂತ ಗೊತ್ತು ಮಾಡುತ್ತಾರೆ. ಆಮೇಲೆ ಕೋಚ್ ವರ್ಷದಲ್ಲಿ ನಾಲ್ಕು ಸಲ ಟೀಚರ್ ಜತೆ ಕೂರುತ್ತಾರೆ. ಹಾಗೆ ಕಲಿತ ಟೀಚರ್‌ಗಳ ಮಕ್ಕಳು ತಮ್ಮ ಗುರಿಗಳಲ್ಲಿ ಜಾಸ್ತಿ ಮುಂದೆ ಹೋದರು. ಕೋಚ್ ಎದುರು ಕೂರದೆ ವಿಡಿಯೋ ಕರೆಯಲ್ಲಿ ಮಾತಾಡಿದರೂ ಗುಣ ಕಂಡಿತು. ಫೋನ್ ನಮ್ಮೆಲ್ಲರ ಕೈಯಲ್ಲೂ ಇದೆ. ದಿನಾ ಏನೇನೋ ಫೋಟೋ ಅಪ್‌ಲೋಡ್ ಮಾಡುತ್ತೇವೆ. ಪಾಠದ ಹತ್ತು ನಿಮಿಷದ ವಿಡಿಯೋ ಆ ಮೇಡಂಗೆ ಕಳಿಸಿ, ಸಂಜೆ ಮಾತಾಡಲು ಆಗುವುದಿಲ್ಲವಾ?

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಒಂದು ಮಗುಗೋಸ್ಕರ ಉಳಿದ ಮೂವತ್ತೈದು ಮಕ್ಕಳನ್ನು ಬಿಡಬೇಕಾ?" ನಾನು ಯಾರನ್ನೂ ಬಿಟ್ಟಿಲ್ಲ. ಪುಟ್ಟನಿಗೆ ಅಂತ ರಟ್ಟಿನ ಮೇಲೆ ಚಿತ್ರದ ವೇಳಾಪಟ್ಟಿ ಮಾಡಿದೆ. ಮೊದಲು ಗಣಿತ, ಆಮೇಲೆ ಊಟ, ಆಮೇಲೆ ಆಟ. ಈಗ ಇಡೀ ತರಗತಿ ಅದನ್ನೇ ನೋಡುತ್ತದೆ. ಹತ್ತು ಎಣಿಸುವುದನ್ನು ಕಲಿತ ಮೇಲೆ, ಎಂದೂ ಬಾಯಿ ಬಿಡದ ಇನ್ನಿಬ್ಬರು ಹೆಣ್ಣುಮಕ್ಕಳು ಉತ್ತರ ಹೇಳತೊಡಗಿದರು. ಅವರಿಗೆ ಆಟಿಸಂ ಇಲ್ಲ. ನಾನು ಅವರಿಗೂ ಇಷ್ಟು ದಿನ ಟೈಮ್ ಕೊಟ್ಟಿರಲಿಲ್ಲ.

ಸಂಜೆ ಮನೆಗೆ ಹೊರಡುವ ಮೊದಲು ಸಹೋದ್ಯೋಗಿ ಅಡುಗೆ ಕೋಣೆಗೆ ಹೋದರು. "ಅಕ್ಕಾ, ಅಷ್ಟು ಹೊತ್ತು ಹೇಗೆ ಸುಮ್ನೆ ಕೂತಿರಿ?" ಅಂತ ಕೇಳಿದರು. ಇಬ್ಬರೂ ತುಂಬ ಹೊತ್ತು ಮಾತಾಡುತ್ತಿದ್ದರು.

ಮುಂದಿನ ತರಬೇತಿಗೆ ಹೆಸರು ಕೇಳಿದ್ದಾರೆ. ಫಾರಂ ತುಂಬಿಸಿ ಹೆಡ್ ಮಾಸ್ಟರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಮೊದಲ ಸಾಲಿನಲ್ಲಿ ಅಕ್ಕನ ಹೆಸರಿದೆ. ಹುದ್ದೆ ಅನ್ನುವ ಕಡೆ 'ಅಡುಗೆಯವರು' ಅಂತ ಬರೆದಿದ್ದೇನೆ.